ಹಿರಿಯರಿಂದ ಬಂದ ಕೋವಿ: ಮಾರುವ ಮುನ್ನ ಗುರುತು ಹಿಡಿಯುವುದು, ಬೆಲೆ ಕಟ್ಟುವುದು

ಹಿರಿಯರಿಂದ ಬಂದ ಕೋವಿಯನ್ನು ಮಾರಿ ನಷ್ಟ ಮಾಡಿಕೊಳ್ಳುವವರು ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಮಾರುವ ಮುಂಚೆ ಅದನ್ನು ಉಜ್ಜಿ ಹೊಳೆಯುವಂತೆ ಮಾಡಿರುತ್ತಾರೆ, ಇಲ್ಲವೇ ನಳಿಗೆಯ ಮೇಲೆ ಕೊರೆದ ಹೆಸರನ್ನು ನಂಬಿರುತ್ತಾರೆ. ಕೋವಿಯ ಜಾತಕ ಆ ಹೆಸರಿನಲ್ಲಿಲ್ಲ. ಬಿಚ್ಚಿದಾಗ ಮಾತ್ರ ಕಾಣುವ ನಳಿಗೆಯ ಅಡಿಭಾಗದಲ್ಲಿ, ಸಣ್ಣ ಸಣ್ಣ ಭಾಗಗಳ ಮೇಲಿನ ಅಂಕಿಗಳಲ್ಲಿ, ಸ್ಕ್ರೂಗಳ ತಲೆಯಲ್ಲಿ ಅದು ಇರುತ್ತದೆ. ಅಲ್ಲಿಯವರೆಗೆ ಹೋಗಿ ನೋಡದೆ ಯಾರಿಗೂ ಬೆಲೆ ಹೇಳಬೇಡಿ, ಯಾರಿಂದಲೂ ಬೆಲೆ ಕೇಳಬೇಡಿ.

ಒಳಗೆ ಈಡಿದೆಯೇ?

ಎಷ್ಟೇ ವರ್ಷದಿಂದ ಅಟ್ಟದ ಮೇಲೆ ಬಿದ್ದಿರಲಿ, ಈಡು, ಅಂದರೆ ಮದ್ದುಗುಂಡು, ತುಂಬಿದೆ ಎಂದೇ ತಿಳಿದು ಕೈಹಾಕಿ. ಕೋವಿಯ ಬಾಯಿ ಯಾರ ಕಡೆಗೂ ತಿರುಗಬಾರದು, ಬೆರಳು ಟ್ರಿಗರ್ ಹತ್ತಿರ ಹೋಗಬಾರದು. ಖಾಲಿಯಿದೆಯೋ ಇಲ್ಲವೋ ನೋಡಲು ಟ್ರಿಗರ್ ಎಳೆಯುವುದಂತೂ ಬೇಡವೇ ಬೇಡ.

ಹೆಚ್ಚು ಅಪಾಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಮತ್ತು ಚಕಮಕಿ ಕೋವಿಗಳಲ್ಲಿ. ಬಹಳಷ್ಟು ಮನೆಗಳಲ್ಲಿ ಇವನ್ನು ತುಂಬಿಟ್ಟೇ ಗೋಡೆಗೆ ತೂಗುಹಾಕುತ್ತಿದ್ದರು. ಕರಿಮದ್ದು ಒಣಗಿದ್ದರೆ ನೂರು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ. ಪರೀಕ್ಷೆ ಸುಲಭ. ತೆಳ್ಳಗಿನ ಮರದ ಕಡ್ಡಿಯೊಂದನ್ನು ನಳಿಗೆಯೊಳಗೆ ಮೆಲ್ಲಗೆ ಕೊನೆಮುಟ್ಟ ಇಳಿಸಿ, ಬಾಯಿಯ ಅಂಚಿಗೆ ಸರಿಯಾಗಿ ಕಡ್ಡಿಗೆ ಪೆನ್ಸಿಲ್ ಗೆರೆ ಹಾಕಿ. ಹೊರತೆಗೆದು ನಳಿಗೆಯ ಹೊರಮೈಗೆ ಒತ್ತಿ ಹಿಡಿಯಿರಿ. ಗೆರೆ ಬಾಯಿಯ ಅಂಚಿಗೆ ಸರಿಹೊಂದಿದಾಗ ಕಡ್ಡಿಯ ಇನ್ನೊಂದು ತುದಿ ಕೇಪು ಕೂರಿಸುವ ಜಾಗದ ತನಕ, ಅಥವಾ ಕಿಡಿ ಒಳಹೋಗುವ ತೂತಿನ ತನಕ ಬರಬೇಕು. ಎರಡು ಮೂರು ಇಂಚು ಮೊದಲೇ ನಿಂತರೆ ಒಳಗೆ ಈಡಿದೆ ಎಂದೇ ಲೆಕ್ಕ. ಕೆಲವು ಕೋವಿಗಳಲ್ಲಿ ಹಿಂತುದಿಯ ಮದ್ದಿನ ಕೋಣೆ ಕಿರಿದಾಗಿದ್ದು ಕಡ್ಡಿ ಸ್ವಲ್ಪ ಮುಂಚೆಯೇ ನಿಲ್ಲುವುದೂ ಉಂಟು. ಅನುಮಾನವಿದ್ದರೆ ಕೋವಿ ರಿಪೇರಿ ಬಲ್ಲವರ ಕೈಗೆ ಕೊಡಿ. ಕಬ್ಬಿಣದ ಸಲಾಕೆಯಿಂದ ಕೆದಕುವುದು, ಡ್ರಿಲ್ ಹಾಕುವುದು, ಬಿಸಿ ಮಾಡುವುದು ಯಾವುದನ್ನೂ ಮಾಡಬೇಡಿ.

ಮಡಚುವ ತೋಟಾ ಕೋವಿಯಲ್ಲಿ ಮೇಲಿನ ಲಿವರನ್ನು ಪಕ್ಕಕ್ಕೆ ತಳ್ಳಿದರೆ ನಳಿಗೆ ಬಾಗುತ್ತದೆ, ತೋಟಾ ಕೂರುವ ಎರಡೂ ಕೋಣೆ ಕಣ್ಣಿಗೆ ಕಾಣುತ್ತವೆ. ಗುಂಡು ತುಂಬಿಡುವ ಡಬ್ಬಿ, ಅಂದರೆ ಮ್ಯಾಗಜೀನ್, ಇರುವ ರೈಫಲ್ ಮತ್ತು ಪಿಸ್ತೂಲುಗಳಲ್ಲಿ ಕ್ರಮ ಮುಖ್ಯ: ಮೊದಲು ಮ್ಯಾಗಜೀನ್ ತೆಗೆಯಬೇಕು, ಆಮೇಲೆ ಬೋಲ್ಟ್ ಅಥವಾ ಸ್ಲೈಡ್ ಎಳೆದು ಕೋಣೆ ನೋಡಬೇಕು. ಉಲ್ಟಾ ಮಾಡಿದರೆ ಬೋಲ್ಟ್ ಮುಂದಕ್ಕೆ ಹೋಗುವಾಗ ಮ್ಯಾಗಜೀನಿನಿಂದ ಇನ್ನೊಂದು ಗುಂಡು ಕೋಣೆ ಸೇರುತ್ತದೆ. ನಳಿಗೆಯ ಕೆಳಗೆ ಕೊಳವೆ ಮ್ಯಾಗಜೀನ್ ಇರುವ ಲಿವರ್ ರೈಫಲ್‌ಗಳಲ್ಲಿ ಹಳೇ ಸ್ಪ್ರಿಂಗ್ ಸೋತು ಒಂದು ಗುಂಡು ಒಳಗೇ ಸಿಕ್ಕಿಕೊಂಡಿರಬಹುದು. ಕೆಲವು .22 ರೈಫಲ್‌ಗಳಲ್ಲಿ ಈ ಕೊಳವೆ ಹಿಂದಿನ ಮರದ ಒಳಗೇ ಇರುತ್ತದೆ, ಗೊತ್ತಿಲ್ಲದವರಿಗೆ ಕಾಣುವುದೂ ಇಲ್ಲ. ರಿವಾಲ್ವರುಗಳಲ್ಲಿ ಕೆಲವು ಗುಂಡು ಕೂರುವ ಉರುಳೆ ಪಕ್ಕಕ್ಕೆ ತೆರೆಯುತ್ತವೆ, ವೆಬ್ಲಿಯಂಥವು ನಡುವಿಗೆ ಮಡಚುತ್ತವೆ, ಹಳೇ ಕೋಲ್ಟ್ ಸಿಂಗಲ್ ಆಕ್ಷನ್ ಥರದವಕ್ಕೆ ಬಲಗಡೆ ಪುಟ್ಟ ಬಾಗಿಲಿರುತ್ತದೆ. ತುಕ್ಕು ಹಿಡಿದು ತೆರೆಯದಿದ್ದರೆ ಬಲ ಹಾಕಬೇಡಿ. ಮುರಿದ ಲಿವರಿನ ನಷ್ಟ ರಿಪೇರಿಯವರ ಕೂಲಿಗಿಂತ ಯಾವಾಗಲೂ ಜಾಸ್ತಿ.

ಜತೆಗೆ ಸಿಕ್ಕಿದ ತೋಟಾಗಳನ್ನು ಬೇರೆ ಇಡಿ. ಅವನ್ನು ಹಾರಿಸಿ ನೋಡಬೇಡಿ, ಕಸಕ್ಕೂ ಹಾಕಬೇಡಿ. ಒಡೆಯದ ಹಳೇ ಪೆಟ್ಟಿಗೆಗಳಿಗೆ ಸಂಗ್ರಾಹಕರಲ್ಲಿ ಅವುಗಳದೇ ಬೆಲೆಯುಂಟು.

ಕಾನೂನು, ಚುಟುಕಾಗಿ

ಕೋವಿಯ ಒಡೆಯರು ತೀರಿಕೊಂಡ ಮೇಲೆ ಅವರ ಲೈಸೆನ್ಸ್ ನಿಮ್ಮನ್ನು ಕಾಯುವುದಿಲ್ಲ. ಹೆಚ್ಚಿನ ದೇಶಗಳಲ್ಲಿ ವಾರಸುದಾರರು ಪೊಲೀಸರಿಗೆ ತಿಳಿಸಬೇಕು, ತಮಗೆ ಲೈಸೆನ್ಸ್ ಇಲ್ಲದಿದ್ದರೆ ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸ್ ಪಡೆದ ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ಭಾರತದಲ್ಲಿ ಇದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿದೆ. ಠೇವಣಿ ಇಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ನಿಗದಿಯಾದ ಅವಧಿಯೊಳಗೆ ಅದನ್ನು ಮಾರಿಸುವ ಅಧಿಕಾರ ವಾರಸುದಾರರಿಗೇ ಇರುತ್ತದೆ. ರಶೀದಿಯಲ್ಲಿ ತಯಾರಕರ ಹೆಸರು, ಕ್ಯಾಲಿಬರ್ (ಗುಂಡು ಮತ್ತು ನಳಿಗೆಯ ಅಳತೆ), ಸೀರಿಯಲ್ ನಂಬರ್ ಮೂರನ್ನೂ ಬರೆಸಿಕೊಳ್ಳಿ. ಬರೀ ‘ಹಳೇ ಕೋವಿ 1’ ಎಂದು ಬರೆದ ರಶೀದಿ ನಾಳೆ ಯಾವುದಕ್ಕೂ ಬರುವುದಿಲ್ಲ.

‘ಪುರಾತನ’ ಎಂಬ ವಿನಾಯಿತಿ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದು ಪುರಾತನ. ಬ್ರಿಟನ್ನಿನ 2021ರ ನಿಯಮಗಳಲ್ಲಿ 1939ರ ಸೆಪ್ಟೆಂಬರ್ 1ಕ್ಕಿಂತ ಮುಂಚೆ ತಯಾರಾಗಿದ್ದರಷ್ಟೇ ಸಾಲದು, ತೋಟಾ ಕೋವಿಯಾದರೆ ಅದರ ತೋಟಾ ಬಳಕೆ ತಪ್ಪಿದವುಗಳ ಪಟ್ಟಿಯಲ್ಲೂ ಇರಬೇಕು. ಹಾಗಾಗಿ ತಯಾರಾದ ವರ್ಷ ಮತ್ತು ಕ್ಯಾಲಿಬರ್ ಬೆಲೆಯನ್ನು ಮಾತ್ರವಲ್ಲ, ಯಾರಿಗೆ ಮಾರಬಹುದು ಎಂಬುದನ್ನೂ ತೀರ್ಮಾನಿಸುತ್ತವೆ. ಯುದ್ಧದಿಂದ ತಂದ ಆಟೊಮ್ಯಾಟಿಕ್ ಬಂದೂಕು, ನಳಿಗೆ ಮೊಟಕು ಮಾಡಿದ ಕೋವಿ, ನಂಬರ್ ಉಜ್ಜಿ ಅಳಿಸಿದ್ದು ಇಂಥದೇನಾದರೂ ಸಿಕ್ಕರೆ ಗಾಡಿಯಲ್ಲಿ ಹಾಕಿಕೊಂಡು ಓಡಾಡಬೇಡಿ. ಇದ್ದಲ್ಲೇ ಬಿಟ್ಟು ವಕೀಲರನ್ನೋ ಪೊಲೀಸರನ್ನೋ ಕರೆಸಿ.

ಉಜ್ಜಬೇಡಿ

ಉಕ್ಕಿನ ನಾರು, ಎಮರಿ ಕಾಗದ, ಬ್ರಾಸೋ, ವಾರ್ನಿಷ್ ಇವ್ಯಾವುದೂ ಹತ್ತಿರ ಸುಳಿಯಬಾರದು. ನೂರು ವರ್ಷದಲ್ಲಿ ಮೂಡಿದ ಕಂದು ಛಾಯೆಯನ್ನು ಸಂಗ್ರಾಹಕರು ಹಣ ಕೊಟ್ಟು ಕೊಳ್ಳುತ್ತಾರೆ. ಅದನ್ನು ಒಂದು ಮಧ್ಯಾಹ್ನದಲ್ಲಿ ತಿಕ್ಕಿ ತೆಗೆಯಬಹುದು, ವಾಪಸ್ ತರಲಾಗದು. ಮರಕ್ಕೆ ಮರಳುಕಾಗದ ಹಚ್ಚಿದರೆ ಹಿಡಿಯ ಚೌಕಳಿ ಗೀರು ಸವೆಯುತ್ತದೆ, ಸೇನೆಯ ಮುದ್ರೆಗಳು ಅಳಿಸಿಹೋಗುತ್ತವೆ, ಮರ ಲೋಹದ ಅಂಚಿಗಿಂತ ಕೆಳಗಿಳಿಯುತ್ತದೆ. ಈ ಕೊನೆಯದನ್ನು ತಿಳಿದವರು ಕೈಬೆರಳಲ್ಲಿ ಸವರಿಯೇ ಪತ್ತೆ ಹಚ್ಚುತ್ತಾರೆ.

ಮಾಡಬೇಕಾದದ್ದು ಇಷ್ಟೇ: ಮೆತ್ತನೆ ಹತ್ತಿಬಟ್ಟೆಗೆ ಎರಡು ಹನಿ ಕೋವಿ ಎಣ್ಣೆ ಹಾಕಿ ಲೋಹವನ್ನು ಒಮ್ಮೆ ಒರೆಸಿ. ಬೆರಳಿನ ಬೆವರು ತುಕ್ಕು ತರುತ್ತದೆ, ಹತ್ತಿ ಕೈಗವಸು ಹಾಕಿಕೊಳ್ಳಿ. ಚರ್ಮದ ಹೋಲ್‌ಸ್ಟರಿನಲ್ಲಿ ಇದ್ದದ್ದನ್ನು ಹೊರಗೆ ತೆಗೆದಿಡಿ, ಏಕೆಂದರೆ ಚರ್ಮ ತೇವ ಹಿಡಿದಿಡುತ್ತದೆ ಮತ್ತು ಹದ ಮಾಡಿದಾಗಿನ ರಾಸಾಯನಿಕ ಲೋಹವನ್ನು ತಿನ್ನುತ್ತದೆ. ಆದರೆ ಹೋಲ್‌ಸ್ಟರನ್ನು ಎಸೆಯಬೇಡಿ, ಅದೂ ಮಾಲಿನ ಭಾಗವೇ. ಪೆಟ್ಟಿಗೆ, ಬೀಗದಕೈ, ಕೊಂಡಾಗಿನ ಹಳೇ ಬಿಲ್, ಲೈಸೆನ್ಸ್ ಪುಸ್ತಕ, ಬಿಡಿ ಸ್ಕ್ರೂ, ಕೊನೆಗೆ ಮದ್ದು ಜಡಿಯುವ ಗಜ, ಎಲ್ಲವನ್ನೂ ಒಟ್ಟಿಗೆ ಇಡಿ.

ಗುರುತುಗಳನ್ನು ಓದುವುದು

ಕಾಗದ, ಪೆನ್ಸಿಲ್, ಟಾರ್ಚ್ ಮತ್ತು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ ಇದ್ದರೆ ಸಾಕು. ಕಂಡದ್ದನ್ನು ಕಂಡ ಹಾಗೆ ಬರೆದುಕೊಳ್ಳಿ, ಅರ್ಥ ಆಮೇಲೆ. ಕಿರೀಟ, ಹದ್ದು, ಬಾಣ, ಹೂವು ಇದ್ದರೆ ಚಿತ್ರ ಬರೆಯಿರಿ. ಸವೆದ ಅಕ್ಷರದ ಮೇಲೆ ಟಾರ್ಚ್ ಬೆಳಕನ್ನು ಅಡ್ಡದಿಂದ ಬಿಟ್ಟರೆ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ.

ಜೋಡಿನಳಿಗೆ ತೋಟಾ ಕೋವಿಯಾದರೆ ಮುಂದಿನ ಮರವನ್ನು ಕಳಚಿ, ಲಿವರ್ ತಳ್ಳಿ, ನಳಿಗೆಗಳನ್ನು ಎತ್ತಿ ತೆಗೆಯಿರಿ. ನಳಿಗೆಗಳನ್ನು ಅಂಗಾತ ಮಲಗಿಸಿದರೆ ಕೋಣೆಯ ಅಡಿಯಲ್ಲಿ ಎರಡು ಚಪ್ಪಟೆ ಪಟ್ಟಿ ಕಾಣುತ್ತವೆ. ಕೋವಿಯ ನಿಜವಾದ ದಾಖಲೆ ಅಲ್ಲಿದೆ. ಯೂರೋಪಿನ ಹಲವು ದೇಶಗಳಲ್ಲಿ ನಳಿಗೆಗಳನ್ನು ಮಾರುವ ಮುನ್ನ ಸರ್ಕಾರ ಒಪ್ಪಿದ ಪ್ರೂಫ್ ಹೌಸಿನಲ್ಲಿ ಹೆಚ್ಚಿನ ಒತ್ತಡದ ಈಡು ಹಾರಿಸಿ ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಬರ್ಮಿಂಗ್‌ಹ್ಯಾಮ್‌ ಪ್ರೂಫ್ ಹೌಸ್ 1813ರದು. 1904ರವರೆಗೆ ಅದರ ಗುರುತು ಕಿರೀಟದ ಕೆಳಗೆ ಒಂದನ್ನೊಂದು ದಾಟಿದ ಎರಡು ರಾಜದಂಡ, ಆಮೇಲೆ ಕಿರೀಟದ ಕೆಳಗೆ ಬಿಪಿ, ಬಿವಿ ಅಕ್ಷರ. ಲಂಡನ್ನಿನದು ಕಿರೀಟದ ಕೆಳಗೆ ಹೆಣೆದ ಜಿಪಿ. ಬೆಲ್ಜಿಯಂನ ಲೀಜ್‌ದು ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಇಎಲ್‌ಜಿ. ಚೌಕಟ್ಟಿನ ಮೇಲೆ ಕಿರೀಟವಿದ್ದರೆ 1893ರ ನಂತರದ್ದು, ಇಲ್ಲದಿದ್ದರೆ ಅದಕ್ಕೂ ಮುಂಚಿನದು. ಎರಡು ಮಹಾಯುದ್ಧಗಳ ನಡುವಿನ ಜರ್ಮನ್ ಕೋವಿಗಳ ನಳಿಗೆಯಡಿ ಎಷ್ಟೋ ಸಲ ಪರೀಕ್ಷೆಯಾದ ತಿಂಗಳು, ವರ್ಷವೇ ಕೊರೆದಿರುತ್ತದೆ. ಅಮೆರಿಕದಲ್ಲಿ ಇಂಥ ರಾಷ್ಟ್ರೀಯ ಪ್ರೂಫ್ ಹೌಸ್ ಇಲ್ಲ, ಅಲ್ಲಿ ಕಾಣುವುದು ಕಂಪನಿಯದೇ ಮುದ್ರೆ.

ಮೇಲಿನ ಹೆಸರನ್ನೂ ಅಡಿಯ ಗುರುತನ್ನೂ ಈಗ ತಾಳೆ ನೋಡಿ. ನಳಿಗೆಯ ನಡುಪಟ್ಟಿಯ ಮೇಲೆ ‘ಡಬ್ಲ್ಯೂ. ರಿಚರ್ಡ್ಸ್’ ಎಂದು ಚೆಂದದ ಅಕ್ಷರ, ಮಗ್ಗುಲಲ್ಲಿ ಒಂದಿಷ್ಟು ಕೆತ್ತನೆ. ಮನೆಯವರು ಅದನ್ನು ಹೆಸರಾಂತ ವೆಸ್ಟ್ಲಿ ರಿಚರ್ಡ್ಸ್ ಎಂದು ನಂಬಿರುತ್ತಾರೆ. ತಿರುಗಿಸಿದರೆ ಕೆಳಗೆ ಮೊಟ್ಟೆಯೊಳಗೆ ಇಎಲ್‌ಜಿ. ಅಂದರೆ ಇಂಗ್ಲಿಷ್ ಹೆಸರಿನ ನೆರಳಲ್ಲಿ ಮಾರಲು ಬೆಲ್ಜಿಯಂನಲ್ಲಿ ಮಾಡಿದ ಅಗ್ಗದ ಕೋವಿ. ಇಂಥವು ಆ ಕಾಲದಲ್ಲಿ ರಾಶಿ ರಾಶಿ ಹೊರದೇಶಗಳಿಗೆ ಹೋಗಿವೆ. ಗೋಡೆಗೆ ಚೆಂದ, ಹರಾಜಿನಲ್ಲಿ ಮಾತ್ರ ಅಷ್ಟಕ್ಕಷ್ಟೆ. ಲೀಜಿನಲ್ಲಿ ಒಳ್ಳೆಯ ಕೋವಿಗಳೂ ತಯಾರಾಗಿವೆ ಎಂಬುದನ್ನು ಮರೆಯಬಾರದು, ಆದರೆ ಅವು ತಮ್ಮದೇ ಹೆಸರು ಹೊತ್ತಿರುತ್ತವೆ.

ಅಂಕಿಗಳಲ್ಲೂ ಗೊಂದಲವಾಗುತ್ತದೆ. ಕೋವಿಯ ಮೇಲೆ ಕಂಡ ಪ್ರತಿ ಸಂಖ್ಯೆಯೂ ಸೀರಿಯಲ್ ನಂಬರಲ್ಲ, ಪ್ರತಿ ವರ್ಷವೂ ತಯಾರಾದ ವರ್ಷವಲ್ಲ. ಕೋಲ್ಟ್ ಸಿಂಗಲ್ ಆಕ್ಷನ್ ಮೇಲೆ 1871, 1872, 1875 ಎಂದಿದ್ದರೆ ಅವು ಪೇಟೆಂಟ್ ದಿನಾಂಕ. ರಿವಾಲ್ವರ್ ಮೂವತ್ತು ವರ್ಷ ಆಮೇಲಿನದ್ದೂ ಇರಬಹುದು. ಸ್ಮಿತ್ ಅಂಡ್ ವೆಸನ್ ರಿವಾಲ್ವರಿನ ಉರುಳೆ ತೆರೆದಾಗ ಅದನ್ನು ಹಿಡಿದ ತೋಳಿನ ಹತ್ತಿರ ಕಾಣುವ ಸಂಖ್ಯೆ ಎಷ್ಟೋ ಸಲ ಜೋಡಣೆಯ ಸಂಖ್ಯೆ ಮಾತ್ರ, ಹಳೆಯವುಗಳಲ್ಲಿ ನಿಜವಾದ ನಂಬರ್ ಹಿಡಿಯ ಅಡಿಯಲ್ಲಿರುತ್ತದೆ. ಆ ಕಂಪನಿ ಮಾಡೆಲ್ ಸಂಖ್ಯೆ ಒತ್ತತೊಡಗಿದ್ದು 1957ರಿಂದ. ಅಮೆರಿಕದಲ್ಲಿ ಎಲ್ಲ ಬಂದೂಕಿಗೂ ಸೀರಿಯಲ್ ನಂಬರ್ ಕಡ್ಡಾಯವಾದದ್ದು 1968ರ ಕಾನೂನಿನಿಂದ. ಹಾಗಾಗಿ ಅದಕ್ಕೂ ಹಿಂದಿನ ಅಗ್ಗದ .22 ರೈಫಲ್ಲಿಗೆ ನಂಬರೇ ಇಲ್ಲದಿದ್ದರೆ ಗಾಬರಿ ಬೇಡ. ನಂಬರ್ ಇರಬೇಕಾದ ಜಾಗದಲ್ಲಿ ಅರದ ಗೀರು ಕಂಡರೆ ಮಾತ್ರ ಅದು ಬೇರೆಯೇ ವಿಷಯ.

ಸೇನೆಯ ರೈಫಲ್‌ಗಳನ್ನು ಓದುವುದು ಹೆಚ್ಚು ಸುಲಭ. ಬ್ರಿಟಿಷ್ ಸೇನೆಯ ಲೀ ಎನ್‌ಫೀಲ್ಡ್‌ನಲ್ಲಿ ಬೋಲ್ಟ್ ಹಿಡಿಯ ಕೆಳಗೆ, ಮರ ಸೇರುವ ಲೋಹದ ಪಟ್ಟಿಯ ಬಲಮಗ್ಗುಲು ನೋಡಿ: ಕಿರೀಟ, ರಾಜನ ಹೆಸರಿನ ಅಕ್ಷರ, ಕಾರ್ಖಾನೆ, ವರ್ಷ, ಮಾದರಿ ಒಂದರ ಕೆಳಗೊಂದು. ಕಾರ್ಖಾನೆ ಎನ್‌ಫೀಲ್ಡ್, ಬಿಎಸ್‌ಎ, ಬಂಗಾಳದ ಇಷಾಪುರ ಏನೂ ಇರಬಹುದು. ಡಿಪಿ ಎಂಬ ಅಕ್ಷರವಿದ್ದರೆ ಅದು ಕವಾಯತಿಗೆ ಇಟ್ಟದ್ದು, ಹಾರಿಸಲು ಯೋಗ್ಯವಲ್ಲ. ಬಾಣದ ಗುರುತು ಬ್ರಿಟಿಷ್ ಸರ್ಕಾರದ ಆಸ್ತಿಯೆಂದು ಹೇಳುತ್ತದೆ. ಎರಡು ಬಾಣಗಳ ಮೊನೆ ಒಂದಕ್ಕೊಂದು ತಾಗಿದ್ದರೆ ಸೇವೆಯಿಂದ ಮಾರಿದ್ದು. ಖೈಬರ್ ಕಡೆಯ ಕೈಕೆಲಸದ ನಕಲುಗಳಲ್ಲಿ ಎನ್ ಅಕ್ಷರ ಉಲ್ಟಾ ಇರುತ್ತದೆ, ಎನ್‌ಫೀಲ್ಡ್ ಕಾಗುಣಿತ ತಪ್ಪಿರುತ್ತದೆ. ಕಿರೀಟದ ಕೆಳಗೆ ವಿಆರ್ ಎಂದಿದ್ದು ಕೆಳಗೆ 1910 ಎಂದಿದ್ದರೆ ಅಲ್ಲಿಗೆ ಮುಗಿಯಿತು, ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ನಕಲುಗಳಿಗೂ ಕೊಳ್ಳುವವರಿದ್ದಾರೆ, ಬೆಲೆ ಬೇರೆ, ಮತ್ತು ಅವನ್ನು ಯಾವ ಕಾರಣಕ್ಕೂ ಹಾರಿಸಬಾರದು.

ಎರಡನೇ ಮಹಾಯುದ್ಧದ ಜರ್ಮನ್ ಬಂದೂಕುಗಳಲ್ಲಿ ಕಂಪನಿಯ ಹೆಸರಿನ ಬದಲು ಗುಪ್ತ ಅಕ್ಷರ: ಬಿವೈಎಫ್ ಎಂದರೆ ಓಬರ್ನ್‌ಡಾರ್ಫಿನ ಮೌಸರ್, ಎಸಿ ಎಂದರೆ ವಾಲ್ತರ್. ಲ್ಯೂಗರ್ ಪಿಸ್ತೂಲಿನಲ್ಲಿ ಸೀರಿಯಲ್ ನಂಬರಿನ ಕೊನೆಯ ಎರಡಂಕಿ ಸಣ್ಣ ಭಾಗಗಳ ಮೇಲೆಲ್ಲ ಇರುತ್ತದೆ. ಎಲ್ಲವೂ ಹೊಂದಿಕೊಂಡು, ಮ್ಯಾಗಜೀನಿನ ಅಡಿಯ ನಂಬರೂ ಅದೇ ಆಗಿದ್ದರೆ ಸಂಗ್ರಾಹಕರ ಮುಖಚರ್ಯೆಯೇ ಬದಲಾಗುತ್ತದೆ. ಜಪಾನಿನ ಅರಿಸಾಕಾ ರೈಫಲ್‌ನಲ್ಲಿ ಕೋಣೆಯ ಮೇಲೆ ಚಕ್ರವರ್ತಿಯ ಸೇವಂತಿಗೆ ಮುದ್ರೆ. ಹೆಚ್ಚಿನವುಗಳಲ್ಲಿ ಅದನ್ನು ಉಜ್ಜಿ ಅಳಿಸಿರುತ್ತಾರೆ, ಹಾಗೇ ಉಳಿದಿದ್ದರೆ ಬೆಲೆ ಹೆಚ್ಚು.

ನಳಿಗೆ, ಕೋಣೆ, ಅಳತೆ

ತೋಟಾ ಕೋವಿಯಲ್ಲಿ ಬೆಲೆ ಬೀಳಿಸುವ ದೋಷಗಳು ಹೆಚ್ಚಾಗಿ ನಳಿಗೆಯಲ್ಲಿರುತ್ತವೆ, ಹೊರಗಣ್ಣಿಗೆ ಕಾಣುವುದಿಲ್ಲ. ಮೊದಲು ನಳಿಗೆಯ ಜಾತಿ. ಮೈಮೇಲೆ ನೀರಿನ ಅಲೆಯಂಥ, ಬಳ್ಳಿಯಂಥ ವಿನ್ಯಾಸ ಕಂಡರೆ ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಹೊಸೆದು ಬೆಸೆದ ಡಮಾಸ್ಕಸ್ ನಳಿಗೆ. ಕರಿಮದ್ದಿನ ಕಾಲಕ್ಕೆ ಮಾಡಿದ್ದು, ಇಂದಿನ ತೋಟಾ ಹಾಕಿದರೆ ಸಿಡಿಯಬಹುದು. ಕೆಲವು ಸಲ ವಿನ್ಯಾಸ ಕಪ್ಪು ಲೇಪದ ಕೆಳಗೆ ಮುಚ್ಚಿಹೋಗಿರುತ್ತದೆ, ಮುಂದಿನ ಮರದ ಅಡಿ ಅಡಗಿದ ಭಾಗದಲ್ಲಿ ಹುಡುಕಿ.

ಆಮೇಲೆ ಕೋಣೆಯ ಉದ್ದ. ಹಳೇ ಬ್ರಿಟಿಷ್ 12 ಬೋರ್ (ಬೋರ್ ಎಂದರೆ ನಳಿಗೆಯ ಒಳವ್ಯಾಸದ ಅಳತೆ) ಕೋವಿಗಳ ಕೋಣೆ ಎರಡೂವರೆ ಇಂಚು, ಅಂದರೆ ಸುಮಾರು 65 ಮಿ.ಮೀ. ಇಂದಿನ ಸಾಮಾನ್ಯ ತೋಟಾ 70 ಮಿ.ಮೀ. ಹಾರಿಸದ ತೋಟಾದ ಬಾಯಿ ಮಡಚಿರುವುದರಿಂದ ಅದು ಗಿಡ್ಡ ಕೋಣೆಗೂ ಸಲೀಸಾಗಿ ಹೊಗುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಕೊಳ್ಳುವವರಿಗೆ ಇದನ್ನು ಹೇಳದೆ ಮಾರಬೇಡಿ.

ಬೋರ್ ಅಳತೆಯನ್ನು ಮುದ್ರೆಯ ಜತೆ ತಾಳೆ ನೋಡುವುದು ಈ ಕೆಲಸದ ತಿರುಳು. ಬ್ರಿಟಿಷ್ ನಳಿಗೆಯಡಿ 13/1 ಎಂದು ಒತ್ತಿದ್ದರೆ ಪರೀಕ್ಷೆಯಾದಾಗ ಒಳವ್ಯಾಸ 0.719 ಇಂಚು ಇತ್ತೆಂದು ಅರ್ಥ. 12 ಎಂದಿದ್ದರೆ 0.729, 12/1 ಎಂದಿದ್ದರೆ 0.740. ರಿಪೇರಿಯವರು ಹಿಂತುದಿಯಿಂದ 9 ಇಂಚು ಒಳಗೆ ಬೋರ್ ಗೇಜ್ ಇಟ್ಟು ಅಳೆಯುತ್ತಾರೆ. 13/1 ಎಂದಿರುವ ನಳಿಗೆ ಈಗ 0.733 ತೋರಿಸಿದರೆ ನಡುವೆ ಯಾರೋ ತುಕ್ಕಿನ ಗುಳಿ ತೆಗೆಯಲು ಒಳಗೆ ಕೊರೆದು ನಯ ಮಾಡಿದ್ದಾರೆ, 0.014 ಇಂಚು ಲೋಹ ಹೋಗಿದೆ, ಹಳೇ ಪ್ರೂಫ್ ಇನ್ನು ಲೆಕ್ಕಕ್ಕಿಲ್ಲ. ಬ್ರಿಟನ್ನಿನಲ್ಲಿ ಪ್ರೂಫ್ ತಪ್ಪಿದ ಕೋವಿಯನ್ನು ಮಾರುವುದೇ ಅಪರಾಧ. ಒಳಗೆ ಕನ್ನಡಿಯಂತೆ ಹೊಳೆಯುವ ಹಳೇ ನಳಿಗೆಯನ್ನು ನೋಡಿ ಖುಷಿಪಡುವ ಮುನ್ನ ಅಳೆಸಿ ಅನ್ನುವುದು ಇದಕ್ಕೇ. ಗೋಡೆಯ ದಪ್ಪವನ್ನೂ ಅಳೆಸಿ. ಮುಂಭಾಗದಲ್ಲಿ 0.020 ಇಂಚಿಗಿಂತ, ಅಂದರೆ ಅರ್ಧ ಮಿ.ಮೀ.ಗಿಂತ ತೆಳುವಾದರೆ ಕೊಳ್ಳುವವರು ಹಿಂಜರಿಯುತ್ತಾರೆ.

ಉಪಕರಣವಿಲ್ಲದೆ ಮನೆಯಲ್ಲೇ ನೋಡಬಹುದಾದವೂ ಇವೆ. ಕಳಚಿದ ನಳಿಗೆಗಳನ್ನು ಕೊಕ್ಕೆಯಿಂದ ತೂಗಿಸಿ ಬೆರಳ ಗೆಣ್ಣಿನಲ್ಲಿ ತಟ್ಟಿ: ಗಂಟೆಯಂತೆ ನುಡಿದರೆ ನಡುಪಟ್ಟಿಯ ಬೆಸುಗೆ ಗಟ್ಟಿ, ಝರ್ ಎಂದರೆ ಎಲ್ಲೋ ಬಿಟ್ಟಿದೆ. ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದಾಗ ಬೆಳಕಿನ ಉಂಗುರ ಒಂದೆಡೆ ಸೊಟ್ಟಗಾದರೆ ಅಲ್ಲಿ ತಗ್ಗು ಬಿದ್ದಿದೆ. ಮುಂದಿನ ಮರ ತೆಗೆದು, ನಳಿಗೆ ಮುಚ್ಚಿ, ಹಿಡಿಮರ ಹಿಡಿದು ಮೆಲ್ಲಗೆ ಅಲುಗಿಸಿ. ಕಟಕಟ ಎಂದರೆ ಕೀಲು ಸವೆದಿದೆ. ಕೋಣೆಯಿಂದ ಕೆಲವು ಇಂಚು ಮುಂದೆ ನಳಿಗೆಯ ಸುತ್ತ ಕೂದಲೆಳೆಯಂಥ ಗೆರೆ ಕಂಡರೆ ಹಳೇ ನಳಿಗೆ ಕತ್ತರಿಸಿ ಹೊಸ ಕೊಳವೆ ಬೆಸೆದಿದ್ದಾರೆ. ಬಳಕೆಗೆ ಅಡ್ಡಿಯಿಲ್ಲ, ಸಂಗ್ರಾಹಕರ ಬೆಲೆಗೆ ದೊಡ್ಡ ಪೆಟ್ಟು.

ರೈಫಲ್ ಮತ್ತು ರಿವಾಲ್ವರುಗಳಲ್ಲಿ ಕೊರೆದ ಕ್ಯಾಲಿಬರನ್ನು ಕುರುಡಾಗಿ ನಂಬಬೇಡಿ, ಕೋಣೆಯನ್ನು ಆಮೇಲೆ ಬದಲಿಸಿದ್ದಕ್ಕೆ ಎಣೆಯೇ ಇಲ್ಲ. ಯುದ್ಧಕಾಲದ .38 ಸ್ಮಿತ್ ಅಂಡ್ ವೆಸನ್ ರಿವಾಲ್ವರುಗಳ ಉರುಳೆ ಕೊರೆದು .38 ಸ್ಪೆಷಲ್ ಹೋಗುವಂತೆ ಮಾಡಿದ್ದಾರೆ. .455 ವೆಬ್ಲಿಯ ಉರುಳೆಯ ಹಿಂಬದಿ ಚಕ್ಕೆ ತೆಗೆದು .45 ಆಟೊ ತೋಟಾ ಕೂರಿಸಿದ್ದಾರೆ, ಆ ತೋಟಾದ ಒತ್ತಡಕ್ಕೆ ವೆಬ್ಲಿ ಮಾಡಿದ್ದಲ್ಲ. ಇಷಾಪುರದ ಕೆಲವು ಲೀ ಎನ್‌ಫೀಲ್ಡ್‌ಗಳು .410 ನುಣುಪು ನಳಿಗೆಗೆ ಬದಲಾದವು. ಅದೇ ಕಾರ್ಖಾನೆಯ 2ಎ, 2ಎ1 ಮಾದರಿ ನೋಡಲು ಹಾಗೇ ಇದ್ದರೂ .303 ಅಲ್ಲ, 7.62 ಮಿ.ಮೀ. ಅನುಮಾನ ಬಂದರೆ ಕೋಣೆಯ ಅಚ್ಚು ತೆಗೆಸಬೇಕು. ಸೆರೊಸೇಫ್ ಎಂಬ ಮಿಶ್ರಲೋಹ 70ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಹೊಯ್ದಾಗ ಮೊದಲು ತುಸು ಕುಗ್ಗಿ ಸುಲಭವಾಗಿ ಹೊರಬರುತ್ತದೆ, ಸುಮಾರು ಒಂದು ಗಂಟೆಗೆ ಕೋಣೆಯ ನಿಜ ಅಳತೆಗೆ ಹಿಗ್ಗುತ್ತದೆ. ಅಳೆಯಬೇಕಾದ್ದು ಆಗ. ಮರುದಿನ ಅಳೆದರೆ ತಪ್ಪು ಬರುತ್ತದೆ, ಅದು ಇನ್ನೂ ಹಿಗ್ಗುತ್ತ ಹೋಗುತ್ತದೆ.

ಹೊಳಪು ಅಸಲಿಯೋ?

ಒಂದೇ ಮಾದರಿಯ ಎರಡು ಬಂದೂಕುಗಳ ಬೆಲೆಯಲ್ಲಿ ಹಲವು ಪಟ್ಟು ಅಂತರ ಬರುವುದು ಇಲ್ಲಿ. ಲೋಹದ ಮೇಲಿನ ನೀಲಿ ಹೊಳಪು, ಅಂದರೆ ಬ್ಲೂಯಿಂಗ್, ಕಾರ್ಖಾನೆಯದೇ ಎಷ್ಟು ಉಳಿದಿದೆ ಎಂಬುದನ್ನು ಶೇಕಡಾವಾರು ಹೇಳುತ್ತಾರೆ. ಹೊಸದಾಗಿ ಹಾಕಿಸಿದ ಬ್ಲೂಯಿಂಗ್ ಶೇ 100 ಹೊಳೆದರೂ ಈ ಲೆಕ್ಕದಲ್ಲಿ ಸೊನ್ನೆ.

ಮರುಲೇಪ ಪತ್ತೆ ಹಚ್ಚಲು ಅಕ್ಷರಗಳಿಂದ ಶುರು ಮಾಡಿ. ಲೂಪಿನಲ್ಲಿ ಅಕ್ಷರದ ಅಂಚು ಚೂಪಾಗಿರಬೇಕು. ಉಜ್ಜಿದ್ದರೆ ಒಂದು ಬದಿ ಆಳ, ಇನ್ನೊಂದು ಬದಿ ಮಾಸಲು. ಸ್ಕ್ರೂ ತೂತಿನ ಸುತ್ತ ಲೋಹ ತಟ್ಟೆಯಂತೆ ತಗ್ಗಾಗಿದ್ದರೆ ಪಾಲಿಶ್ ಚಕ್ರ ಓಡಿದೆ. ಮೂಲದಲ್ಲಿ ಬಣ್ಣಬಣ್ಣದ ಮೋಡದಂಥ ಕೇಸ್ ಹಾರ್ಡನಿಂಗ್ (ಮೇಲ್ಮೈ ಗಟ್ಟಿ ಮಾಡುವ ಹದ) ಇರಬೇಕಾದ ಭಾಗ, ಬಿಳಿಯಾಗಿರಬೇಕಾದ ಭಾಗ ನೀಲಿಯಾಗಿದ್ದರೆ ಸಾಕ್ಷಿ ಬೇರೆ ಬೇಡ. ಗುಳಿಯ ಒಳಗೂ ನೀಲಿ ಇದ್ದರೆ ತುಕ್ಕು ಮೊದಲು, ನೀಲಿ ಆಮೇಲೆ. ಸ್ಕ್ರೂಗಳ ತಲೆ ಹರಿದಿದ್ದರೆ ಅಡ್ಡಾದಿಡ್ಡಿ ಸ್ಕ್ರೂಡ್ರೈವರ್ ಹಾಕಿ ಬಿಚ್ಚಿದ್ದಾರೆ; ಇಂಗ್ಲಿಷ್ ಒಳ್ಳೇ ಕೋವಿಗಳಲ್ಲಿ ಸ್ಕ್ರೂಗಳ ಸೀಳು ನಳಿಗೆಯ ಉದ್ದಕ್ಕೇ ನೆಟ್ಟಗೆ ನಿಲ್ಲಬೇಕು. ಮರದಲ್ಲಿ ಬಿರುಕು ಹುಡುಕುವ ಜಾಗ ಹಿಡಿಯ ಸಣ್ಣ ಭಾಗ ಮತ್ತು ಲೋಹದ ಬಾಲದ ಹಿಂದೆ. ರಬ್ಬರ್ ಪ್ಯಾಡ್ ಹಾಕಲು ಮರ ಕತ್ತರಿಸಿದ್ದು, ದೂರದರ್ಶಕ ಕೂರಿಸಲು ರೈಫಲ್ಲಿಗೆ ತೂತು ಕೊರೆದದ್ದು ಇವೂ ಬೆಲೆ ಕಡಿಮೆ ಮಾಡುತ್ತವೆ.

ಸ್ಥಿತಿಯನ್ನು ಹೇಳುವ ಪದಗಳಲ್ಲೂ ಒಂದು ಗುಂಡಿಯಿದೆ. ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಮಾನದಂಡದಲ್ಲಿ ಪುರಾತನ ಬಂದೂಕು ‘ಎಕ್ಸಲೆಂಟ್’ ಅನ್ನಿಸಿಕೊಳ್ಳಲು ಶೇ 80ಕ್ಕಿಂತ ಹೆಚ್ಚು ಮೂಲ ಹೊಳಪು ಸಾಕು, ‘ಫೈನ್’ ಅನ್ನಲು ಶೇ 30 ದಾಟಿದರೆ ಸಾಕು. ಆಧುನಿಕ ಬಂದೂಕಿಗೆ ಅದೇ ‘ಎಕ್ಸಲೆಂಟ್’ ಎಂದರೆ ಬಾಯಿ ಮತ್ತು ಚೂಪು ಅಂಚು ಬಿಟ್ಟು ಬ್ಲೂಯಿಂಗ್ ಪೂರ್ತಿ ಇರಬೇಕು. ಮಾರಾಟದ ಪಟ್ಟಿಯಲ್ಲಿ ಬರೀ ಪದ ಬಳಸದೆ ಶೇಕಡಾ ಮತ್ತು ದೋಷಗಳನ್ನು ಬರೆಯಿರಿ.

ಕಾಗದ ಮತ್ತು ಪೂರ್ವೇತಿಹಾಸ

‘ಇದು ಮಹಾರಾಜರು ಕೊಟ್ಟದ್ದಂತೆ’ ಎಂಬ ಮಾತಿಗೆ ಬೆಲೆಯಿಲ್ಲ. ಹೆಸರು ಮತ್ತು ಸೀರಿಯಲ್ ನಂಬರ್ ಎರಡೂ ಇರುವ ಕಾಗದಕ್ಕೆ ಇದೆ. ಹಳೇ ಲೈಸೆನ್ಸ್, ಕೊಂಡಾಗಿನ ಬಿಲ್, ಸೇನೆಯ ಕಾಗದ, ಕೋವಿ ಹಿಡಿದ ಫೋಟೊ ಯಾವುದನ್ನೂ ಎಸೆಯಬೇಡಿ. ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್‌ಗೆ ಶುಲ್ಕ ಕೊಟ್ಟು ಕಾರ್ಖಾನೆಯ ದಾಖಲೆಯ ಪತ್ರ ತರಿಸಬಹುದು. ವಿಂಚೆಸ್ಟರಿನ ಹಳೇ ದಾಖಲೆಗಳು ಅಮೆರಿಕದ ವಯೋಮಿಂಗಿನ ಕೋಡಿ ಫೈರ್‌ಆರ್ಮ್ಸ್ ಮ್ಯೂಸಿಯಂನಲ್ಲಿವೆ. ಲಂಡನ್ನಿನ ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್‌ನಂಥ ಕಂಪನಿಗಳು ಮಾರಿದ ಕೋವಿಯ ಲೆಕ್ಕದ ಪುಸ್ತಕ ಇಟ್ಟಿವೆ. ನಳಿಗೆಯ ಮೇಲಿನ ವಿಳಾಸವೂ ಕಾಲ ಹೇಳುತ್ತದೆ: ಪರ್ಡಿಯ ಮೇಲೆ ಆಕ್ಸ್‌ಫರ್ಡ್ ಸ್ಟ್ರೀಟ್ ಎಂದಿದ್ದರೆ 1880ರ ದಶಕದ ಆರಂಭಕ್ಕಿಂತ ಮುಂಚಿನದು, ಆಮೇಲೆ ಅವರು ಸೌತ್ ಆಡ್ಲಿ ಸ್ಟ್ರೀಟಿಗೆ ಹೋದರು. ನಡುಪಟ್ಟಿಯ ಮೇಲೆ ಚಿನ್ನದ 1 ಅಥವಾ 2 ಎಂಬ ಅಂಕಿ ಕಂಡರೆ ಅದು ಜೋಡಿಯ ಒಂದು ಕೋವಿ. ಇನ್ನೊಂದು ದಾಯಾದಿಗಳ ಮನೆಯಲ್ಲಿದ್ದರೆ ಮಾತಾಡಿ ಎರಡನ್ನೂ ಒಟ್ಟಿಗೆ ಮಾರಿ, ಬಿಡಿಬಿಡಿಯಾಗಿ ಮಾರಿದರೆ ಇಬ್ಬರಿಗೂ ನಷ್ಟ.

ಬೆಲೆ

ಹುಡುಕಬೇಕಾದ್ದು ಕೇಳಿದ ಬೆಲೆಯನ್ನಲ್ಲ, ಮಾರಾಟವಾದ ಬೆಲೆಯನ್ನು. ಜಾಲತಾಣದಲ್ಲಿ ಎರಡು ವರ್ಷದಿಂದ ಅದೇ ಬೆಲೆಗೆ ಕೂತಿರುವ ಕೋವಿ ಆ ಬೆಲೆ ತಪ್ಪೆಂದು ಹೇಳುತ್ತಿದೆ ಅಷ್ಟೆ. ದೊಡ್ಡ ಹರಾಜು ಸಂಸ್ಥೆಗಳು ಮುಗಿದ ಹರಾಜಿನ ಬೆಲೆ ಪ್ರಕಟಿಸುತ್ತವೆ. ಅಲ್ಲಿ ಅದೇ ಮಾದರಿ, ಅದೇ ಕಾಲ, ಹತ್ತಿರದ ಸ್ಥಿತಿಯ ಮೂರು ನಾಲ್ಕನ್ನು ಹುಡುಕಿ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬದಿಗಿಟ್ಟು ನಡುವಿನದನ್ನು ಹಿಡಿಯಿರಿ. ಪ್ರಕಟವಾದ ಮೊತ್ತದಲ್ಲಿ ಕೊಂಡವರು ಸಂಸ್ಥೆಗೆ ಕೊಟ್ಟ ಪ್ರೀಮಿಯಂ ಸೇರಿದೆಯೇ ನೋಡಿ. ಸೇರಿದ್ದರೆ ಅದನ್ನು ಕಳೆದು, ಮಾರುವವರ ಕಮಿಷನ್, ವಿಮೆ, ಸಾಗಣೆ ಕಳೆದರೆ ಕೈಗೆ ಬರುವ ಅಂದಾಜು. ಹೋಲಿಕೆ ನಿಮ್ಮದೇ ದೇಶದ ಮಾರುಕಟ್ಟೆಯಲ್ಲಿರಬೇಕು, ಆಮದು ರಫ್ತಿನ ನಿರ್ಬಂಧದಿಂದ ಅದೇ ರೈಫಲ್ಲಿಗೆ ಎರಡು ದೇಶದಲ್ಲಿ ಎರಡು ಬೆಲೆ.

ಮೌಲ್ಯಮಾಪನದ ಪತ್ರ ಕೇಳುವಾಗ ಯಾವುದಕ್ಕೆಂದು ಹೇಳಿ. ವಿಮೆಗೆ ಬರೆಯುವುದು ಮತ್ತೆ ಕೊಳ್ಳಲು ಬೇಕಾಗುವ ದೊಡ್ಡ ಮೊತ್ತ, ಆಸ್ತಿ ಪಾಲಿಗೆ ಬರೆಯುವುದು ಆ ದಿನದ ಮಾರುಕಟ್ಟೆ ಬೆಲೆ. ವಿಮೆಯ ಪತ್ರ ಹಿಡಿದು ವ್ಯಾಪಾರಿಯ ಮುಂದೆ ಹೋದವರು ಬೇಸರಪಟ್ಟೇ ಬರುತ್ತಾರೆ. ಕೊಳ್ಳುವವರೇ ಬೆಲೆಯನ್ನೂ ಕಟ್ಟುವಂತಾಗಬಾರದು, ಬೆಲೆ ಕಟ್ಟಿದ ಕೂಲಿಯನ್ನು ಬೆಲೆಯ ಶೇಕಡಾ ಲೆಕ್ಕದಲ್ಲಿ ಕೊಡಲೂಬಾರದು.

ಮಾರುವಾಗ

ಸಾಮಾನ್ಯ ಕೋವಿಯನ್ನು ವ್ಯಾಪಾರಿಗೆ ನೇರವಾಗಿ ಕೊಡುವುದೇ ವಾಸಿ: ಮೊತ್ತ ಕಡಿಮೆ, ತಲೆನೋವೂ ಕಡಿಮೆ. ಅಪರೂಪದ್ದು, ಜೋಡಿ, ದಾಖಲೆಯಿರುವುದು ಆದರೆ ಹರಾಜಿಗೆ ಹೋಗಲಿ, ಆದರೆ ಇಂತಿಷ್ಟಕ್ಕಿಂತ ಕಡಿಮೆಗೆ ಬಿಡಬಾರದೆಂದು ಕನಿಷ್ಠ ಬೆಲೆ ಬರೆಸಿ. ವ್ಯಾಪಾರಿಯ ಅಂಗಡಿಯಲ್ಲಿಟ್ಟು ಮಾರಿದ ಮೇಲೆ ಹಣ ಪಡೆಯುವ ದಾರಿಯಲ್ಲಿ ಕಮಿಷನ್, ಅವಧಿ, ಕಳವಾದರೆ ಯಾರ ಹೊಣೆ ಎಂಬುದು ಲಿಖಿತದಲ್ಲಿರಬೇಕು. ಹಿಡಿಗೆ ಆನೆದಂತ ಕೂರಿಸಿದ್ದರೆ ಮೊದಲೇ ಹೇಳಿ, ಎಷ್ಟೋ ದೇಶಗಳಲ್ಲಿ ಅದರ ಮಾರಾಟಕ್ಕೆ ನಿಷೇಧವಿದೆ, ಗಡಿ ದಾಟಿಸಲು ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಬೇಕು.

ಫೋಟೊಗಳನ್ನು ಮೋಡದ ದಿನದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ: ಎರಡೂ ಮಗ್ಗುಲು ಪೂರ್ತಿ, ನಳಿಗೆಯ ಅಡಿ, ಪ್ರತಿ ಮುದ್ರೆ ಹತ್ತಿರದಿಂದ, ಪ್ರತಿ ದೋಷ ಇನ್ನೂ ಹತ್ತಿರದಿಂದ. ಸಾರ್ವಜನಿಕವಾಗಿ ಹಾಕುವ ಫೋಟೊದಲ್ಲಿ ಸೀರಿಯಲ್ ನಂಬರಿನ ಕೊನೆಯ ಅಂಕಿಗಳನ್ನೂ ಮನೆಯ ಹಿನ್ನೆಲೆಯನ್ನೂ ಮುಚ್ಚಿ. ಕೊಳ್ಳುವವರ ಲೈಸೆನ್ಸಿನಲ್ಲಿ ಆ ಕ್ಯಾಲಿಬರಿಗೆ ಜಾಗವಿದೆಯೇ ಎಂದು ನೋಡುವ ತನಕ ಮುಂಗಡವನ್ನೂ ಮುಟ್ಟಬೇಡಿ. ವರ್ಗಾವಣೆ ಮುಗಿದ ಮೇಲೆ ಸೀರಿಯಲ್ ನಂಬರ್, ದಿನಾಂಕ, ಕೊಂಡವರ ಲೈಸೆನ್ಸ್ ಸಂಖ್ಯೆ ಇರುವ ಪ್ರತಿಯನ್ನು ಮನೆಪತ್ರಗಳ ಜತೆಗೇ ಇಟ್ಟುಕೊಳ್ಳಿ. ಆ ಕೋವಿಯ ಬಗ್ಗೆ ಹತ್ತು ವರ್ಷ ಕಳೆದು ಪೊಲೀಸರು ವಿಚಾರಿಸಿದರೂ ಮೊದಲು ಕೇಳುವುದು ಹಿಂದಿನ ಒಡೆಯರನ್ನೇ.